ಸ್ಕೇಲರ್‌ಗೆ ಬೆಸುಗೆ ಹಾಕಿದಿರಾ? ಮಾನಿಟರ್‌ಗೆ ಸಿಕ್ಕಿಸುವ ಮುನ್ನ ಹೀಗೆ ಪರೀಕ್ಷಿಸಿ

ಹಳೆಯ ಗೇಮ್ ಕನ್ಸೋಲ್‌ಗಳು ಸುಮಾರು 15.7 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಗೆರೆಗಳಂತೆ, ಚಿತ್ರ ಕಳಿಸುತ್ತವೆ. ವಿಜಿಎ ಮಾನಿಟರ್ ಕೇಳುವುದು 31. ಈ ಅಂತರ ತುಂಬುವುದು ಸ್ಕೇಲರ್. ಅಗ್ಗದ ಜಿಬಿಎಸ್-8200 ಸ್ಕೇಲರ್ ಬೋರ್ಡ್‌ಗೆ ಇಎಸ್‌ಪಿ8266 ಎಂಬ ಪುಟ್ಟ ವೈಫೈ ಮಾಡ್ಯೂಲ್ ಬೆಸೆದು, ಜಿಬಿಎಸ್-ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳುವುದು ಹವ್ಯಾಸಿಗಳಲ್ಲಿ ರೂಢಿ. ಆದರೆ ತೆರೆಯ ಮೇಲೆ ಚಿತ್ರ ಬಂದ ಮಾತ್ರಕ್ಕೆ ಕೆಲಸ ಸರಿಯಾಗಿದೆ ಎಂದಲ್ಲ. ಪರೀಕ್ಷೆಯಲ್ಲಿ ಚಿತ್ರ ನೋಡುವ ಸರದಿ ಕೊನೆಯದು.

ಮೊದಲು ಕಣ್ಣು. ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪ್ರತಿ ಬೆಸುಗೆ ನೋಡಿ. ಸರಿಯಾದದ್ದು ಪಿನ್ನಿನ ಸುತ್ತ ಇಳಿಜಾರಾಗಿ ಹರಡಿ ಅಂಟಿರುತ್ತದೆ. ಉಂಡೆಯಂತೆ ಮೇಲೆ ಕೂತಿದ್ದರೆ ಅಥವಾ ಬುಡದಲ್ಲಿ ಉಂಗುರದಂಥ ಬಿರುಕು ಕಂಡರೆ ಮತ್ತೆ ಕಾಯಿಸಿ. ಚಿಮುಟದಿಂದ ವೈರನ್ನು ಮೆಲ್ಲಗೆ ಅಲುಗಿಸಿ ನೋಡಿ.

ನಂತರ ಮಲ್ಟಿಮೀಟರ್. ಬೋರ್ಡ್‌ಗೆ ಕರೆಂಟ್ ಇರಕೂಡದು. ಮೀಟರನ್ನು ಬೀಪ್ ಮೋಡ್‌ಗೆ ತಿರುಗಿಸಿ, 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಇಡಿ. ಕ್ಷಣಮಾತ್ರ ಬೀಪ್ ಬಂದು ನಿಂತರೆ ಚಿಂತೆಯಿಲ್ಲ, ಕೆಪ್ಯಾಸಿಟರ್ ತುಂಬಿಕೊಳ್ಳುತ್ತಿದೆ. ಬೀಪ್ ನಿಲ್ಲದಿದ್ದರೆ ಶಾರ್ಟ್ ಆಗಿದೆ. ಅದನ್ನು ಹುಡುಕುವ ತನಕ ಅಡಾಪ್ಟರ್ ಮುಟ್ಟಬೇಡಿ. ಇಎಸ್‌ಪಿ ಸ್ಕೇಲರ್ ಚಿಪ್‌ಗೆ ಆಜ್ಞೆ ಕಳಿಸುವ ಎಸ್‌ಡಿಎ (ಡೇಟಾ), ಎಸ್‌ಸಿಎಲ್ (ಕ್ಲಾಕ್) ವೈರ್‌ಗಳು ಪರಸ್ಪರ ತಾಗಿಲ್ಲ, ಗ್ರೌಂಡಿಗೂ ತಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬೋರ್ಡಿನ ಮೇಲೆ ಪಿ8 ಎಂದು ಗುರುತಿಸಿದ ಎರಡು ಪಿನ್ನುಗಳನ್ನು ಜಂಪರ್‌ನಿಂದ ಕೂಡಿಸಿದ್ದೀರಾ? ಇಲ್ಲದಿದ್ದರೆ ಬೋರ್ಡಿನ ಮೂಲ ನಿಯಂತ್ರಕವೂ ಅದೇ ಚಿಪ್‌ಗೆ ಆಜ್ಞೆ ಕೊಡುತ್ತಿರುತ್ತದೆ.

ಈಗ ಕರೆಂಟ್, ಕನ್ಸೋಲ್ ಇಲ್ಲದೆ. ಮೊಬೈಲ್‌ನ ವೈಫೈ ಪಟ್ಟಿಯಲ್ಲಿ ಜಿಬಿಎಸ್‌ಕಂಟ್ರೋಲ್ ಹೆಸರು ಕಾಣಬೇಕು. ಇಲ್ಲೇ ಬಹಳ ಜನ ನಿರಾಳರಾಗಿಬಿಡುತ್ತಾರೆ. ಅದು ಹೇಳುವುದು ಇಎಸ್‌ಪಿ ಎದ್ದಿದೆ ಎಂದಷ್ಟೇ. ಸ್ಕೇಲರ್ ಚಿಪ್ ಜತೆ ಮಾತಾಡುತ್ತಿದೆ ಎಂದಲ್ಲ. ಹೆಸರು ಕಂಡೂ ಮುಂದೇನೂ ಆಗದಿದ್ದರೆ ಎರಡು ವೈರ್ ಅದಲುಬದಲಾಗಿವೆಯೇ ನೋಡಿ: ಡಿ1 ಮಿನಿ ಎಂಬ ಇಎಸ್‌ಪಿ8266 ಮಾಡ್ಯೂಲಿನಲ್ಲಿ ಡಿ1 ಪಿನ್ ಎಸ್‌ಸಿಎಲ್‌ಗೆ, ಡಿ2 ಎಸ್‌ಡಿಎಗೆ.

ಕೊನೆಗೆ ಚಿತ್ರ. ಮಾಡ್ಯೂಲಿನ ಡಿ6 ಪಿನ್ನಿನಿಂದ ಸ್ಕೇಲರ್ ಬೋರ್ಡ್‌ಗೆ ಹೋಗುವ ಡಿಬಗ್ ವೈರ್ ಮೇಲೆ ನನಗೆ ಯಾವಾಗಲೂ ಅನುಮಾನ. ಕೂದಲೆಳೆಯಂಥ ಆ ವೈರ್ ಬೆಸೆಯುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಬಿಟ್ಟುಕೊಂಡರೂ ಚಿತ್ರ ಬರುತ್ತದೆ! ಆದರೆ ಸಿಂಕ್, ಅಂದರೆ ಚಿತ್ರದ ಸಮಯ ಹೇಳುವ ಸಂಕೇತ, ಅಳೆಯಲಾಗದೆ ಫ್ರೇಮ್ ಹೊಂದಾಣಿಕೆ ತಪ್ಪುತ್ತದೆ. ಹಾಗಾಗಿ ನಿಂತ ಚಿತ್ರ ನೋಡಿ ತೀರ್ಮಾನಿಸಬೇಡಿ. ಒಳಬರುವ ಮತ್ತು ಹೊರಹೋಗುವ ಫ್ರೇಮ್‌ಗಳನ್ನು ಹೊಂದಿಸುವ ಫ್ರೇಮ್ ಲಾಕ್ ಆಯ್ಕೆ ಆನ್ ಮಾಡಿ, ಹಿನ್ನೆಲೆ ಪಕ್ಕಕ್ಕೆ ಸರಿಯುವ ಗೇಮ್ ಹಾಕಿ, ಹತ್ತು ನಿಮಿಷ ಓಡಿಸಿ. ನಿಗದಿತ ಅಂತರದಲ್ಲಿ ಜರ್ಕ್ ಹೊಡೆದರೆ ಅಥವಾ ಅಡ್ಡಗೆರೆಯಲ್ಲಿ ಚಿತ್ರ ಸೀಳಿದಂತೆ ಕಂಡರೆ ಮೊದಲು ಆ ವೈರ್ ನೋಡಿ. ಬೆಳಕು ಹೆಚ್ಚಿರುವ ದೃಶ್ಯದಲ್ಲಿ ಮಾತ್ರ ಚಿತ್ರ ಅಲುಗಿದರೆ ಸಿಂಕ್ ಮತ್ತು ಗ್ರೌಂಡ್ ವೈರ್ ಪರೀಕ್ಷಿಸಿ.

ಅರ್ಧ ಗಂಟೆ ಬಿಸಿಯಾದ ಮೇಲೆ ಇದೇ ಗೇಮನ್ನು ಇನ್ನೊಮ್ಮೆ ಓಡಿಸಿ. ಅರೆಬರೆ ಅಂಟಿದ ಬೆಸುಗೆ ತಣ್ಣಗಿದ್ದಾಗ ಸುಮ್ಮನಿದ್ದು, ಕಾದ ಮೇಲೆ ಕೈಕೊಡುವುದುಂಟು.