ಇಂಟರ್ನಲ್‌ನ ಇಪ್ಪತ್ತು ಅಂಕ ನಾನು ಹೇಗೆ ಕೊಡುತ್ತೇನೆ: ನನ್ನ ಅನುಭವ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಆಳಂದ, ಜೇವರ್ಗಿ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬಸ್ಸು ಹಿಡಿದು ಬರುವವರೇ ಹೆಚ್ಚು. ಅವರಲ್ಲಿ ಬಹಳ ಮಂದಿ ತಮ್ಮ ಮನೆಯಿಂದ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಸೆಮಿಸ್ಟರ್ ಪರೀಕ್ಷೆಯಲ್ಲದೆ ಕಾಲೇಜಿನಲ್ಲೇ ಹಾಕುವ ಇಂಟರ್ನಲ್ ಮಾರ್ಕ್ಸ್ ಅಂದರೆ ಮೇಡಂ ಮನಸ್ಸಿಗೆ ಬಂದಷ್ಟು ಹಾಕುವುದು ಎಂದು ಅವರು ನಂಬಿಕೊಂಡೇ ಬಂದಿರುತ್ತಾರೆ. ದಿನಾ ನಮಸ್ಕಾರ ಮಾಡುವವರಿಗೆ ಹೆಚ್ಚು, ಹಿಂದಿನ ಬೆಂಚಿನವರಿಗೆ ಕಡಿಮೆ ಅಂತ. ಈ ನಂಬಿಕೆ ನನಗೆ ನೋವು ಕೊಡುತ್ತದೆ. ಅದು ತರಗತಿಯಲ್ಲಿ ಬೇರು ಬಿಟ್ಟರೆ ಕಷ್ಟಪಟ್ಟು ಓದುವ ಹುಡುಗಿಯೂ ಓದಿ ಏನು ಪ್ರಯೋಜನ ಎಂದು ಕೈ ಚೆಲ್ಲುತ್ತಾಳೆ. ಅದಕ್ಕೇ ಒಂದು ನಿಯಮ ಇಟ್ಟುಕೊಂಡೆ. ನಾನು ಹಾಕಿದ ಅಂಕ ಎಲ್ಲಿಂದ ಬಂತು ಎಂದು ಯಾರೇ ಕೇಳಲಿ, ಬ್ಲೂಬುಕ್, ಅಂದರೆ ಟೆಸ್ಟಿನ ಉತ್ತರ ಪುಸ್ತಿಕೆ, ತೆರೆದು ಬೆರಳಿಟ್ಟು ತೋರಿಸಲು ನನಗೆ ಆಗಬೇಕು.

ಮೊದಲು ಚೌಕಟ್ಟು ಹೇಳಿಬಿಡುತ್ತೇನೆ. 2021-22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಪ್ರತಿ ಪತ್ರಿಕೆಗೆ 60 ಅಂಕ ಸೆಮಿಸ್ಟರ್ ಪರೀಕ್ಷೆಗೆ, 40 ಇಂಟರ್ನಲ್‌ಗೆ ಇತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದು, ಹಂಚಿಕೆ 80 ಮತ್ತು 20 ಆಯಿತು. ಒಂದೇ ಕಾರಿಡಾರಿನಲ್ಲಿ ಸೀನಿಯರ್‌ಗಳಿಗೆ ಒಂದು ಲೆಕ್ಕ, ಜೂನಿಯರ್‌ಗಳಿಗೆ ಇನ್ನೊಂದು ಲೆಕ್ಕ. "ಅವರಿಗೆ ನಲವತ್ತು, ನಮಗ್ಯಾಕ ಇಪ್ಪತ್ತರೀ ಮೇಡಂ?" ಎಂದು ಕೇಳಿದವರಿಗೆ ಎರಡೂ ಪದ್ಧತಿಯನ್ನು ಬೋರ್ಡಿನ ಮೇಲೆ ಬರೆದೇ ತಿಳಿಸಬೇಕಾಯಿತು.

ಇಪ್ಪತ್ತನ್ನು ನಾನು ಹತ್ತು ಟೆಸ್ಟಿಗೆ, ಐದು ಅಸೈನ್‌ಮೆಂಟಿಗೆ, ಐದು ಸೆಮಿನಾರಿಗೆ ಎಂದು ಒಡೆಯುತ್ತೇನೆ. ಹಾಜರಿಗೆ ಅಂಕವಿಲ್ಲ. ಪರೀಕ್ಷೆಗೆ ಕೂರಲು 75 ಪ್ರತಿಶತ ಹಾಜರಿ ಹೇಗೂ ಬೇಕೇ ಬೇಕು, ಅದನ್ನೇ ಇನ್ನೊಮ್ಮೆ ಅಳೆಯುವುದು ಯಾಕೆ? ಈ ಹಂಚಿಕೆಯನ್ನು ಸೆಮಿಸ್ಟರ್ ಶುರುವಾದ ವಾರವೇ ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ.

ನಿಜವಾದ ಕೆಲಸ ಇರುವುದು ಟೆಸ್ಟಿನಲ್ಲಿ. ಪ್ರಶ್ನೆ ಬರೆಯುವಾಗಲೇ ಅದರ ಅಂಕದ ಸ್ಕೀಮನ್ನೂ ಬರೆದಿಡುತ್ತೇನೆ. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಮೇಲೆ ಐದು ಅಂಕದ ಪ್ರಶ್ನೆ ಎಂದುಕೊಳ್ಳಿ. ವ್ಯಾಖ್ಯೆಗೆ ಒಂದು, ಸೂತ್ರಕ್ಕೆ ಒಂದು, ರೇಖಾಚಿತ್ರಕ್ಕೆ ಒಂದು, ಉದಾಹರಣೆಗೆ ಒಂದು, ಆ ಉದಾಹರಣೆ ಯಾಕೆ ಹೊಂದುತ್ತದೆ ಎಂಬ ವಿವರಣೆಗೆ ಒಂದು. ಈ ಕೊನೆಯ ಅಂಕದಲ್ಲೇ ಎಲ್ಲ ಗೊತ್ತಾಗುತ್ತದೆ. ಗೈಡು ಓದಿದವರು ಸಾಲಾಗಿ ಉಪ್ಪಿನ ಉದಾಹರಣೆ ಬರೆಯುತ್ತಾರೆ. ಉದಾಹರಣೆ ಸರಿಯೇ ಇದೆ, ಒಂದು ಅಂಕ ಸಿಗುತ್ತದೆ. ಯಾಕೆ ಎಂಬುದು ಇಲ್ಲದಿದ್ದರೆ ಎರಡನೆಯದು ಸಿಗುವುದಿಲ್ಲ. ಆಳಂದದ ಕಡೆಯ ಒಬ್ಬ ಹುಡುಗ, ಕಾಗುಣಿತ ತೀರ ಕಚ್ಚಾ, ತೊಗರಿ ಬೇಳೆಯನ್ನು ತಗೊಂಡಿದ್ದ. ಬೇಳೆಯ ರೇಟು ನೂರಕ್ಕೆ ಇಪ್ಪತ್ತು ಏರಿದರೆ ಮನೆಯವರು ಖರೀದಿ ನೂರಕ್ಕೆ ಹತ್ತರಷ್ಟೇ ಇಳಿಸುತ್ತಾರೆ, ಯಾಕಂದರೆ ದಿನಾ ಬೇಳೆ ಬೇಕೇ ಬೇಕು, ಹೀಗಾಗಿ ಸ್ಥಿತಿಸ್ಥಾಪಕತ್ವ 0.5, ಒಂದಕ್ಕಿಂತ ಕಡಿಮೆ ಎಂದು ಬರೆದಿದ್ದ. ವ್ಯಾಖ್ಯೆ ಅರ್ಧಂಬರ್ಧ ಇತ್ತು, ಅಲ್ಲಿ ಅರ್ಧ ಅಂಕ ಕಡಿತವಾಯಿತು. ಉದಾಹರಣೆಯ ಎರಡೂ ಅಂಕ ಪೂರ್ತಿ ಬಂದವು. ಸ್ಕೀಮು ಕೈಯಲ್ಲಿ ಇಲ್ಲದಿದ್ದರೆ ಬೇರೆಯವರ ಅಂದವಾದ ಕೈಬರಹ ಅವನನ್ನು ಹಿಂದೆ ತಳ್ಳಿಬಿಡುತ್ತಿತ್ತು ಎಂದು ನನಗೆ ಖಾತ್ರಿಯಿದೆ.

ತಿದ್ದುವ ಕ್ರಮವೂ ಮುಖ್ಯ. ಬ್ಲೂಬುಕ್ಕಿನ ಮೇಲಿನ ಪುಟ ಹಿಂದಕ್ಕೆ ಮಡಚಿ ಹೆಸರು ಮುಚ್ಚುತ್ತೇನೆ. ಎಲ್ಲರ ಮೊದಲ ಪ್ರಶ್ನೆ ಮುಗಿಸಿ, ಆಮೇಲೆ ಎಲ್ಲರ ಎರಡನೆಯದಕ್ಕೆ ಹೋಗುತ್ತೇನೆ. ಒಬ್ಬರ ಪತ್ರಿಕೆಯನ್ನು ಒಂದೇ ಸಲಕ್ಕೆ ಕೊನೆಯವರೆಗೆ ತಿದ್ದಿದರೆ ಮೊದಲ ಉತ್ತರದ ಬಣ್ಣ ಉಳಿದ ಉತ್ತರಗಳಿಗೂ ಹತ್ತಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಮೊದಲಿಗೆ ತಿದ್ದಿದ ಕೆಲವನ್ನು ಮತ್ತೆ ನೋಡುತ್ತೇನೆ. ಬಂಡಲಿನ ಮೇಲೆ ಇದ್ದವರಿಗೂ ತಳದಲ್ಲಿ ಇದ್ದವರಿಗೂ ಒಂದೇ ಅಳತೆ ಬಿದ್ದಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೂ ಬಿಡುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ತೊಗರಿ ರಾಶಿ. ಆಳು ಸಿಗದ ಮನೆಗಳಲ್ಲಿ ಕಾಲೇಜಿನ ಮಕ್ಕಳೇ ಹೊಲಕ್ಕೆ ಇಳಿಯುತ್ತಾರೆ. ಆ ವಾರ ಟೆಸ್ಟು ತಪ್ಪಿಸಿಕೊಂಡವರಿಗೆ ಸೊನ್ನೆ ಹಾಕಲು ನನಗೆ ಮನಸ್ಸಿಲ್ಲ, ಸುಮ್ಮನೆ ಸರಾಸರಿ ಅಂಕ ಹಾಕಲೂ ಮನಸ್ಸಿಲ್ಲ. ಬೇರೆ ಪ್ರಶ್ನೆ, ಅದೇ ಸ್ಕೀಮು, ಇನ್ನೊಂದು ದಿನ.

ಗ್ರೇಡಿನ ಬಗ್ಗೆ ಮಕ್ಕಳಲ್ಲಿ ಇರುವ ಇನ್ನೊಂದು ಭಯ, ಪಕ್ಕದವಳಿಗೆ ಹೆಚ್ಚು ಬಂದರೆ ನನ್ನದು ಇಳಿಯುತ್ತದೆ ಎಂಬುದು. ಕೆಲವು ಸಂಸ್ಥೆಗಳಲ್ಲಿ, ಹಲವು ಐಐಟಿಗಳಲ್ಲಿ ಕೂಡ, ಇಡೀ ತರಗತಿಯ ಅಂಕ ಹೇಗೆ ಹರಡಿದೆ ಎಂದು ನೋಡಿ ಗ್ರೇಡು ಕೊಡುವ ಸಾಪೇಕ್ಷ ಪದ್ಧತಿ ಇದೆ. ನಮ್ಮದು ನಿಗದಿತ ಅಂಕದ ಪದ್ಧತಿ. ಇಷ್ಟು ಅಂಕಕ್ಕೆ ಇಂಥ ಗ್ರೇಡು ಎಂಬ ಪಟ್ಟಿ ಮೊದಲೇ ಸಿದ್ಧ ಇರುತ್ತದೆ. ಇಡೀ ತರಗತಿಗೆ 'ಎ' ಬಂದರೂ ಯಾರಿಗೂ ನಷ್ಟವಿಲ್ಲ. ಇದನ್ನು ಬಿಡಿಸಿ ಹೇಳಿದ ಮೇಲೆ ಒಂದು ಬದಲಾವಣೆ ಕಣ್ಣಾರೆ ಕಂಡೆ. ನೋಟ್ಸು ಬಚ್ಚಿಡುತ್ತಿದ್ದ ಹುಡುಗಿಯರು ಜೆರಾಕ್ಸ್ ಮಾಡಿಸಿ ಹಂಚತೊಡಗಿದರು. ಕನ್ನಡ ಮಾಧ್ಯಮದವರೂ ಉರ್ದು ಶಾಲೆಯಿಂದ ಬಂದವರೂ ಒಟ್ಟಿಗೆ ಕೂತು ಓದತೊಡಗಿದರು. ಈ ಕೆಲಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದು.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸೂಚಿಸಿದ ಪಟ್ಟಿಯಲ್ಲಿ 'ಓ'ಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, 'ಬಿ ಪ್ಲಸ್'ಗೆ 7, 'ಬಿ'ಗೆ 6, 'ಸಿ'ಗೆ 5, 'ಪಿ'ಗೆ 4 ಪಾಯಿಂಟು. 'ಎಫ್' ಅಂದರೆ ಸೊನ್ನೆ, ಗೈರಾದರೂ ಸೊನ್ನೆ. ಪ್ರತಿ ಪತ್ರಿಕೆಗೆ ಇರುವ ತೂಕವೇ ಕ್ರೆಡಿಟ್ಟು. ಅದನ್ನು ಆ ಪತ್ರಿಕೆಯ ಪಾಯಿಂಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಗ್ರೇಡ್ ಸರಾಸರಿ. ಸೂತ್ರ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ, ಅದಕ್ಕೆ ಬೋರ್ಡಿನ ಮೇಲೆ ಮಾಡಿಸುತ್ತೇನೆ. ಐದು ಕ್ರೆಡಿಟ್ಟಿನ ಅರ್ಥಶಾಸ್ತ್ರದಲ್ಲಿ 7, ಇತಿಹಾಸದಲ್ಲಿ 8, ರಾಜ್ಯಶಾಸ್ತ್ರದಲ್ಲಿ 6. ಮೂರು ಕ್ರೆಡಿಟ್ಟಿನ ಕನ್ನಡದಲ್ಲಿ 9, ಇಂಗ್ಲಿಷಿನಲ್ಲಿ 4. ಎರಡು ಕ್ರೆಡಿಟ್ಟಿನ ಸಂವಿಧಾನದಲ್ಲಿ 8. ಗುಣಿಸಿದರೆ 35, 40, 30, 27, 12, 16. ಒಟ್ಟು 160. ಕ್ರೆಡಿಟ್ಟು 23. ಎಸ್‌ಜಿಪಿಎ 6.96.

ಆಮೇಲೆ ಕೇಳುತ್ತೇನೆ, ಎರಡು ಪಾಯಿಂಟು ಎಲ್ಲಿ ಏರಿಸಿದರೆ ಲಾಭ? ಇಂಗ್ಲಿಷು 4ರಿಂದ 6ಕ್ಕೆ ಏರಿದರೆ 7.22. ರಾಜ್ಯಶಾಸ್ತ್ರ 6ರಿಂದ 8ಕ್ಕೆ ಏರಿದರೆ 7.39. ಸಂವಿಧಾನ 8ರಿಂದ 10ಕ್ಕೆ ಹೋದರೂ 7.13 ಅಷ್ಟೇ. ಅಷ್ಟರಲ್ಲಿ ಯಾರೋ ಒಬ್ಬರು, "ಹಂಗಾದ್ರ ಇಂಗ್ಲಿಷ್ ಬಿಟ್ಟುಬಿಡೋಣ್ರೀ" ಅನ್ನುತ್ತಾರೆ. ಆಗ ಅದೇ ಇಂಗ್ಲಿಷನ್ನು ಸೊನ್ನೆ ಮಾಡಿ ಲೆಕ್ಕ ಹಾಕಿಸುತ್ತೇನೆ. ಒಟ್ಟು 148ಕ್ಕೆ ಇಳಿದು 6.43 ಬರುತ್ತದೆ, ಮೇಲೆ ಬ್ಯಾಕ್ ಪೇಪರು, ಅಂದರೆ ಆ ಪರೀಕ್ಷೆ ಮತ್ತೆ ಬರೆಯಬೇಕು. ತರಗತಿ ಒಮ್ಮೆಗೇ ಸುಮ್ಮನಾಗುತ್ತದೆ. ಇಡೀ ಪದವಿಯ ಸರಾಸರಿಯಾದ ಸಿಜಿಪಿಎ ಕೂಡ ಹೀಗೆಯೇ, ಸೆಮಿಸ್ಟರುಗಳ ಎಸ್‌ಜಿಪಿಎಯನ್ನು ಆಯಾ ಕ್ರೆಡಿಟ್ಟಿನ ತೂಕದಿಂದ ಕೂಡಿಸಿ ತೆಗೆಯುವುದು. ಕ್ರೆಡಿಟ್ಟು ಬೇರೆ ಬೇರೆ ಇದ್ದಾಗ ಬರೀ ಸರಾಸರಿ ತೆಗೆದರೆ ತಪ್ಪು ಉತ್ತರ ಬರುತ್ತದೆ.

ನೌಕರಿ ಅರ್ಜಿಗಳು ಪ್ರತಿಶತ ಕೇಳುತ್ತವೆ. ಮೊಬೈಲಿನಲ್ಲಿ ಸಿಕ್ಕ ಯಾವುದೋ ಸೂತ್ರ ಹಾಕಿ ತುಂಬಬೇಡಿ ಎಂದು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಸೂತ್ರ ಬೇರೆ ಆಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನ ಹಳೆಯ ಪದ್ಧತಿಯಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುತ್ತಿದ್ದರು. ಅದನ್ನು ಬಿ.ಎ. ಅಂಕಪಟ್ಟಿಗೆ ಹಚ್ಚಿದರೆ ಅರ್ಜಿಯೇ ತಿರಸ್ಕಾರ ಆಗಬಹುದು.

ಅಂಕ ಪೋರ್ಟಲಿಗೆ ಹತ್ತಿಸುವ ಮೊದಲು ಬ್ಲೂಬುಕ್‌ಗಳನ್ನು ಮಕ್ಕಳ ಕೈಗೆ ಕೊಡುತ್ತೇನೆ, ಸ್ಕೀಮನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. "ನಂದ್ಯಾಕ ಹದಿಮೂರು, ಅಕಿದ್ಯಾಕ ಹದಿನೇಳು?" ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಒಂದೇ ಷರತ್ತು, ಸ್ಕೀಮಿನ ಯಾವ ಅಂಶಕ್ಕೆ ಅಂಕ ಬರಬೇಕಿತ್ತು ಎಂದು ಒಂದು ಸಾಲು ಬರೆದುಕೊಡಬೇಕು. ಅದನ್ನು ಬರೆಯಲು ಕೂತಾಗ ಬಹಳಷ್ಟು ಮಂದಿಗೆ ತಮ್ಮ ಉತ್ತರದಲ್ಲಿ ಬಿಟ್ಟುಹೋದದ್ದು ತಾನಾಗಿಯೇ ಕಾಣುತ್ತದೆ. ಅವರ ಮಾತು ಸರಿ ಇದ್ದರೆ ಅಲ್ಲೇ, ಎಲ್ಲರೆದುರೇ ಅಂಕ ಏರಿಸುತ್ತೇನೆ. ಎಲ್ಲರೂ ನೋಡಿ ಸಹಿ ಹಾಕಿದ ಮೇಲೆಯೇ ಪಟ್ಟಿ ಮುಂದೆ ಹೋಗುತ್ತದೆ. ಸೆಮಿಸ್ಟರ್ ಫಲಿತಾಂಶ ಬರುವ ತನಕ ಬ್ಲೂಬುಕ್‌ಗಳು ನನ್ನ ಬೀರುವಿನಲ್ಲೇ ಇರುತ್ತವೆ, ನೋಡಬೇಕೆನಿಸಿದವರು ಬಂದು ನೋಡಬಹುದು.