ಗುರುವಾರ ಮಾಯವಾದ ನೀಲಿ

ಪುಣೆಯಲ್ಲಿ ಎಂ.ಎಸ್ಸಿ. ಮಾಡುವಾಗ ನನ್ನ ಪಾಲಿಗೆ ಬಂದದ್ದು ಸ್ಯೂಡೋಮೋನಾಸ್ ಎರುಜಿನೋಸ. ಸುಟ್ಟ ಗಾಯ, ಕ್ಯಾಥೆಟರ್, ವೆಂಟಿಲೇಟರ್, ಎಲ್ಲಿ ಜಾಗ ಸಿಕ್ಕರೂ ಹೊಕ್ಕುವ ಬ್ಯಾಕ್ಟೀರಿಯಾ. ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಸಾಕು, ದ್ರಾಕ್ಷಿ ಹಣ್ಣಿನಂಥ ವಾಸನೆ.

ಇದು ಪಯೋಸಯಾನಿನ್ ಅನ್ನುವ ನೀಲಿ ಬಣ್ಣ ಬಿಡುತ್ತದೆ. ನೋಡಲು ಚೆಂದ, ಆದರೆ ವಿಷ. ಶ್ವಾಸನಾಳದಲ್ಲಿ ಕಫ ತಳ್ಳುವ ಸಣ್ಣ ರೋಮಗಳನ್ನೇ ನಿಧಾನ ಮಾಡಿಬಿಡುತ್ತದೆ. ತಿನ್ನಲು ಕೊಡುವುದನ್ನು ಬದಲಿಸಿದರೆ ಈ ವಿಷ ಹೆಚ್ಚುಕಮ್ಮಿ ಆಗುತ್ತದಾ? ನನ್ನ ಪ್ರಾಜೆಕ್ಟ್ ಇಷ್ಟೇ. ಒಂದು ಫ್ಲಾಸ್ಕಿಗೆ ಗ್ಲಿಸರಾಲ್, ಒಂದಕ್ಕೆ ಗ್ಲೂಕೋಸ್, ಒಂದಕ್ಕೆ ಸಕ್ಸಿನೇಟ್ (ಸಕ್ಸಿನಿಕ್ ಆಸಿಡ್ಡಿನ ಲವಣ).

ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಆದರೆ ಮೊದಲು ಗ್ಲೂಕೋಸ್ ಮುಗಿಸುತ್ತದೆ. ಇದು ಉಲ್ಟಾ. ಸಕ್ಸಿನೇಟ್ ಇದ್ದರೆ ಗ್ಲೂಕೋಸನ್ನು ಆಮೇಲೆ ನೋಡೋಣ ಅನ್ನುತ್ತದೆ. ಹೋಳಿಗೆ ಪಕ್ಕದಲ್ಲಿದ್ದರೂ ಕಟ್ಟಿನ ಸಾರಿಗೇ ಕೈ ಹಾಕುವ ನಮ್ಮ ಧಾರವಾಡದ ಮಾವನ ಹಾಗೆ.

ಗುರುವಾರ ಬಂತು. ಪುಣೆಯಲ್ಲಿ ಇದ್ದವರಿಗೆ ಗೊತ್ತಲ್ವಾ, ರಿಪೇರಿಗೆ ಅಂತ ಕರೆಂಟ್ ತೆಗೆಯುವ ದಿನ. ಮಧ್ಯಾಹ್ನ ಬಂದು ನೋಡಿದರೆ ಫ್ಲಾಸ್ಕುಗಳನ್ನು ಅಲ್ಲಾಡಿಸಿ ಗಾಳಿ ಬೆರೆಸುವ ಶೇಕರ್ ನಿಂತಿದೆ, ಗ್ಲಿಸರಾಲ್ ಫ್ಲಾಸ್ಕಿನ ನೀಲಿ ಪೂರ್ತಿ ಮಾಯ. ಎರಡು ದಿನದ ಕೆಲಸ ಹೋಯಿತು ಅಂತ ಚೆಲ್ಲಲು ಹೊರಟೆ. ಬೆಳಗಾವಿಯ ಸೀನಿಯರ್ ಅಕ್ಕ ತಡೆದರು. "ಏ ತಮ್ಮಾ, ಚೆಲ್ಲಬ್ಯಾಡೋ. ಮೊದಲ ಒಂದಿಷ್ಟು ಅಲ್ಲಾಡ್ಸಿ ನೋಡು."

ಅಲ್ಲಾಡಿಸಿದೆ. ಮೊದಲು ಮೇಲಿನ ಅಂಚಿನಲ್ಲಿ, ಆಮೇಲೆ ಕೆಳಗಿನವರೆಗೂ ನೀಲಿ ಇಳಿದು ಬಂತು! ಗಾಳಿ ಸಿಗದಿದ್ದಾಗ ಬ್ಯಾಕ್ಟೀರಿಯಾ ತನ್ನ ಎಲೆಕ್ಟ್ರಾನುಗಳನ್ನು ಪಯೋಸಯಾನಿನ್‌ಗೆ ದಾಟಿಸುತ್ತದೆ, ಆಗ ಅದಕ್ಕೆ ಬಣ್ಣ ಇರುವುದಿಲ್ಲ. ಆಕ್ಸಿಜನ್ ತಾಗಿದರೆ ಮತ್ತೆ ನೀಲಿ. ರೋಗಿಯ ಜೀವಕೋಶದಲ್ಲೂ ಹೀಗೇ ಎಲೆಕ್ಟ್ರಾನನ್ನು ಆಕ್ಸಿಜನ್ನಿಗೆ ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ವಿಷದ ಕೆಲಸವನ್ನು ನಾನು ಕೈಯಲ್ಲೇ ಹಿಡಿದು ನೋಡುತ್ತಿದ್ದೆ.

ಅಳತೆ ಸುಲಭ. ಕ್ಲೋರೋಫಾರ್ಮ್ ಹಾಕಿ ಕುಲುಕಿದರೆ ನೀಲಿ ತಳದ ಪದರಕ್ಕೆ ಇಳಿಯುತ್ತದೆ. ಅದಕ್ಕೆ 0.2 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿದರೆ ಮೇಲೆ ಗುಲಾಬಿ ನೀರು. 520 ನ್ಯಾನೋಮೀಟರ್‌ ಬೆಳಕನ್ನು ಅದು ಎಷ್ಟು ಹೀರುತ್ತದೆ ಅಂತ ಓದುವುದು, ಆಮೇಲೆ ಬೆಳವಣಿಗೆಯ ಓ.ಡಿ.ಯಿಂದ (ಆಪ್ಟಿಕಲ್ ಡೆನ್ಸಿಟಿ, ಬ್ಯಾಕ್ಟೀರಿಯಾ ಬೆಳೆದು ನೀರು ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) ಭಾಗಿಸುವುದು. ಭಾಗಿಸದೆ ಹೋದರೆ ಜಾಸ್ತಿ ಬೆಳೆದದ್ದೇ ಜಾಸ್ತಿ ವಿಷ ಅಂತ ಸುಮ್ನೆ ಮೋಸ ಹೋಗುತ್ತೀರಿ.

ನಾನು ಮೋಸ ಹೋದದ್ದು ಬೇರೆ ಕಡೆ. ಗ್ಲೂಕೋಸ್ ಫ್ಲಾಸ್ಕ್ ಚೆನ್ನಾಗಿ ಬೆಳೆದಿತ್ತು, ನೀಲಿ ಮಾತ್ರ ಇಲ್ಲ. "ಗ್ಲೂಕೋಸ್ ವಿಷವನ್ನು ತಡೆಯುತ್ತದೆ" ಅಂತ ದೊಡ್ಡದಾಗಿ ಬರೆದುಬಿಟ್ಟೆ. ಅಕ್ಕ ಕೇಳಿದ್ದು ಒಂದೇ: "ಪಿಹೆಚ್ ನೋಡಿಯೇನು?" ನೋಡಿರಲಿಲ್ಲ. ಇದು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವ ಮೊದಲೇ ಗ್ಲೂಕೋನಿಕ್ ಆಸಿಡ್ ಮಾಡುತ್ತದೆ, ನೀರು ಹುಳಿಯಾಗುತ್ತದೆ. ನೀಲಿ ತಡೆದದ್ದು ಆ ಹುಳಿಯೂ ಇರಬಹುದು. ಹುಳಿ ಏರದಂತೆ ತಡೆಯುವ ಬಫರ್ ಹಾಕಿ ಮತ್ತೆ ಮಾಡಿದೆ. ನೀಲಿ ಸ್ವಲ್ಪ ಬಂತು, ಗ್ಲಿಸರಾಲಿನಷ್ಟಲ್ಲ. ದೊಡ್ಡದಾಗಿ ಬರೆದ ಸಾಲಿನ ಮೇಲೆ ಗೆರೆ ಎಳೆದೆ.

ಕೊನೆಗೆ ಕಬ್ಬಿಣ. 1954ರಲ್ಲಿ ಎಲಿಜಬೆತ್ ಕಿಂಗ್ ಮತ್ತು ಜೊತೆಯವರು ಕೊಟ್ಟ ಎರಡು ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ಇವೆ: ಎ ಹಾಕಿದರೆ ನೀಲಿ, ಬಿ ಹಾಕಿದರೆ ಹೊಳೆಯುವ ಹಳದಿ ಹಸಿರು. ಈ ಹಸಿರು ಪಯೋವರ್ಡಿನ್, ಕಬ್ಬಿಣ ಕದಿಯುವ ಕೈ. ನಮ್ಮ ರಕ್ತದಲ್ಲಿ ಕಬ್ಬಿಣ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನಿನ ಹಿಡಿತದಲ್ಲಿರುತ್ತದೆ, ಬಿಡಿಯಾಗಿ ಸಿಗುವುದಿಲ್ಲ. ಕಬ್ಬಿಣದ ಬರ ಕಂಡರೆ ಇದು ಪಯೋವರ್ಡಿನ್ ಜೊತೆಗೆ ಎಕ್ಸೋಟಾಕ್ಸಿನ್ ಎ ಅನ್ನುವ ಇನ್ನೊಂದು ವಿಷವನ್ನೂ ಹೆಚ್ಚಿಸುತ್ತದೆ. ಒಂದು ಪ್ಲೇಟಿಗೆ ಫೆರಿಕ್ ಕ್ಲೋರೈಡ್ ಸೇರಿಸಿ, ಇನ್ನೊಂದಕ್ಕೆ ಸೇರಿಸದೆ ಬೆಳೆಸಿದೆ. ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಾಕಿದಾಗ ಕಬ್ಬಿಣ ಸೇರಿಸದ ಪ್ಲೇಟು ಮಿಂಚುಹುಳದಂತೆ ಹೊಳೆಯಿತು. ಕಬ್ಬಿಣ ಉಂಡದ್ದು ಕಪ್ಪಗೆ ಕೂತಿತ್ತು.