ಜರ್ಮನಿಗೆ ಹೊರಡುವ ನರ್ಸ್, ಎಂಜಿನಿಯರ್‌ಗಳು ಭಾಷೆಯ ಲೆಕ್ಕ ಹಾಕಿಕೊಳ್ಳುವ ಬಗೆ

ಜರ್ಮನಿಗೆ ಕೆಲಸಕ್ಕೆ ಹೊರಡುವ ನಮ್ಮವರಲ್ಲಿ ಹಲವರು ಜರ್ಮನ್ ಭಾಷೆಯನ್ನು ವೀಸಾ ಅರ್ಜಿಗೆ ಲಗತ್ತಿಸಬೇಕಾದ ಒಂದು ಸರ್ಟಿಫಿಕೇಟ್ ಎಂದಷ್ಟೇ ನೋಡುತ್ತಾರೆ. ಆದರೆ ಅಲ್ಲಿ ಎಷ್ಟು ಸಂಬಳ ಕೈಗೆ ಬರುತ್ತದೆ, ಇದ್ದ ಕೆಲಸ ಹೋದರೆ ಇನ್ನೊಂದು ಎಷ್ಟು ಬೇಗ ಸಿಗುತ್ತದೆ, ಮನೆಯ ಇನ್ನೊಬ್ಬರಿಗೂ ದುಡಿಯಲು ಆಗುತ್ತದೆಯೇ ಎಂಬುದೆಲ್ಲ ಬಹುಮಟ್ಟಿಗೆ ಭಾಷೆಯ ಮೇಲೆಯೇ ನಿಂತಿದೆ. ಯುರೋಪಿನಲ್ಲಿ ಭಾಷಾ ಜ್ಞಾನವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳಲ್ಲಿ ಅಳೆಯುತ್ತಾರೆ; ಎ1 ತೀರಾ ಆರಂಭದ್ದು, ಸಿ2 ಎಲ್ಲಕ್ಕಿಂತ ಮೇಲಿನದು. 2024ರ ಜೂನ್‌ನಿಂದ ಜಾರಿಗೆ ಬಂದ, ಜರ್ಮನಿಗೆ ಹೋಗಿ ಕೆಲಸ ಹುಡುಕಲು ಅವಕಾಶ ಕೊಡುವ 'ಚಾನ್ಸೆನ್‌ಕಾರ್ಟೆ' ಎಂಬ ಪರವಾನಗಿಗೆ ಭಾಷೆಯ ಮಟ್ಟಿಗೆ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಸಾಕು ಎಂಬುದನ್ನು ನೋಡಿ ನಿಶ್ಚಿಂತರಾಗಬೇಡಿ. ಅದು ದೇಶದೊಳಗೆ ಕಾಲಿಡಲು ಬೇಕಾದ ಅರ್ಹತೆಯೇ ಹೊರತು ಸಂಬಳ ತರುವ ಅರ್ಹತೆಯಲ್ಲ.

ಮೊದಲು ನಿಮ್ಮ ವೃತ್ತಿಗೆ ಯಾವ ಮಟ್ಟ ಬೇಕೆಂದು ತಿಳಿದುಕೊಳ್ಳಿ. ನರ್ಸ್‌ಗಳಿಗೆ ವೃತ್ತಿ ಮಾನ್ಯತೆ ದೊರೆಯಲು ಸಾಮಾನ್ಯವಾಗಿ ಬಿ2 ಬೇಕು. ವೈದ್ಯರು ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಹತ್ತು ವರ್ಷ ಐಸಿಯುನಲ್ಲಿ ದುಡಿದವರೂ ಮಾನ್ಯತೆ ಕೈಗೆ ಬರುವವರೆಗೆ ಸಾಮಾನ್ಯವಾಗಿ ಸಹಾಯಕರ ಸಂಬಳಕ್ಕೇ ಕೆಲಸ ಮಾಡಬೇಕಾಗುತ್ತದೆ, ಮತ್ತು ನನಗೆ ಅತ್ಯಂತ ನೋವು ತರುವ ಸಂಗತಿ ಇದೇ. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮಾನ್ಯತೆಗೆ ಮೊದಲಿನ ಸಂಬಳ, ನಂತರದ ಸಂಬಳ ಎರಡನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅವುಗಳ ವ್ಯತ್ಯಾಸವನ್ನು ಬಿ2 ತಡವಾಗುವ ತಿಂಗಳುಗಳಿಂದ ಗುಣಿಸಿದರೆ ಬರುವ ಮೊತ್ತವನ್ನು, ಊರಿನಲ್ಲೇ ಇದ್ದು ಬಿ2 ಮುಗಿಸಲು ತಗಲುವ ಫೀಸು ಮತ್ತು ಬಿಟ್ಟ ಸಂಬಳದ ಜೊತೆ ಇಟ್ಟು ನೋಡಿ. ರಾತ್ರಿ ಪಾಳಿ ಮುಗಿಸಿ ಬಂದು ವ್ಯಾಕರಣ ಓದುವುದು ಎಷ್ಟು ಕಷ್ಟವೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೊದಲಿನಿಂದ ಬಿ2 ತಲುಪಲು ಸುಮಾರು 600ರಿಂದ 800 ಪಾಠಗಳು ಬೇಕು. ಒಂದು ಪಾಠವೆಂದರೆ 45 ನಿಮಿಷ. ದಿನಕ್ಕೆ ನಾಲ್ಕು ಪಾಠದಂತೆ ವಾರಕ್ಕೆ ಐದು ದಿನ ಕಲಿತರೂ 30ರಿಂದ 40 ವಾರ ಹಿಡಿಯುತ್ತದೆ. ಮೂರು ತಿಂಗಳಲ್ಲಿ ಬಿ2 ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಗೆ ಮುಂಗಡ ಕೊಡಬೇಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಜರ್ಮನ್ ಭಾಷೆ ಕಲಿಸಿ ಪರೀಕ್ಷೆ ನಡೆಸುವ ಜರ್ಮನಿಯ ಗೊಯೆಥೆ ಸಂಸ್ಥೆಯದೇ ಶಾಖೆ. ಆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರಹ, ಮಾತು ಎಂಬ ನಾಲ್ಕು ಭಾಗಗಳಿದ್ದು, ಅವನ್ನು ಬೇರೆಬೇರೆಯಾಗಿಯೂ ಬರೆಯಬಹುದು.

ಕಲಿಯುವಾಗ ಕನ್ನಡದ ನೆರವು ಪಡೆಯಿರಿ. 'ನನಗೆ ಚಳಿಯಾಗುತ್ತಿದೆ' ಎನ್ನುವಲ್ಲಿ ನಾವು ಚತುರ್ಥಿ ವಿಭಕ್ತಿ ಬಳಸುವಂತೆಯೇ ಜರ್ಮನರೂ 'ಮಿಯರ್ ಇಸ್ಟ್ ಕಾಲ್ಟ್' ಎನ್ನುತ್ತಾರೆ; ಇಂಗ್ಲಿಷಿನ ಮೂಲಕ ಹೋದರೆ ಈ ಹತ್ತಿರದ ದಾರಿ ತಪ್ಪಿಹೋಗುತ್ತದೆ. ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದು, ನೀನು–ನೀವು ಎಂಬ ಭೇದ, ಎರಡೂ ನಮಗೆ ಹೊಸದಲ್ಲ. ತೊಡಕಾಗುವುದು ಲಿಂಗ: ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಇಲ್ಲಿ ಅರ್ಥದಿಂದ ಲಿಂಗ ತಿಳಿಯುವುದಿಲ್ಲವಾದ್ದರಿಂದ ಪದದೊಂದಿಗೇ ಅದನ್ನೂ ಬಾಯಿಪಾಠ ಮಾಡಬೇಕು.

ಸರ್ಟಿಫಿಕೇಟ್ ಬಂದ ಮೇಲೂ ಎಡವುವ ಜಾಗವೊಂದಿದೆ. ಪಾಳಿ ಬದಲಾಗುವಾಗ ರಾತ್ರಿಯ ನರ್ಸ್, ನಾಲ್ಕನೆಯ ಹಾಸಿಗೆಯ ಅಜ್ಜನಿಗೆ ಎರಡು ಸಲ ವಾಂತಿಯಾಯಿತು, ಡ್ರಿಪ್ ನಿಲ್ಲಿಸಿದ್ದೇನೆ, ಹತ್ತು ಗಂಟೆಯೊಳಗೆ ಮಗಳಿಗೆ ಫೋನ್ ಮಾಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಹೊರಟುಬಿಡುತ್ತಾರೆ. ಅದರಲ್ಲಿ ಒಂದು ಮಾತು ತಪ್ಪಿದರೂ ತೊಂದರೆ ರೋಗಿಗೆ. ಇದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿ: ದಿನವೂ ಒಬ್ಬ ರೋಗಿಯ ಸ್ಥಿತಿಯನ್ನು, ಹೆಸರು ಹೇಳದೆ, ಎರಡು ನಿಮಿಷ ಜರ್ಮನ್‌ನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮರುದಿನ ಶಿಕ್ಷಕರಿಂದ ತಿದ್ದಿಸಿಕೊಳ್ಳಿ.

ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಇಂಗ್ಲಿಷಿನಲ್ಲೇ ಕೆಲಸ ಸಿಗಬಹುದು. ಆದರೂ ಬ್ಲೂ ಕಾರ್ಡ್ (ನಿಪುಣ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಹೊಂದಿದವರು ಕಾಯಂ ವಾಸದ ಪರವಾನಗಿಗೆ ಎ1 ಇದ್ದರೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು ಕಾಯಬೇಕೆಂಬ ನಿಯಮವಿದೆ. ಇಂಗ್ಲಿಷಿನಲ್ಲೇ ನಡೆಯುವ ಕಂಪನಿ ಸಿಬ್ಬಂದಿ ಕಡಿತ ಮಾಡಿದ ದಿನ, ಜರ್ಮನ್ ಬಾರದವರಿಗೆ ಅರ್ಜಿ ಹಾಕಲು ಉಳಿಯುವ ಕಂಪನಿಗಳೂ ಕಡಿಮೆ.

ವಲಸಿಗರ ಭಾಷೆ ಮತ್ತು ಗಳಿಕೆಯ ನಂಟನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಬ್ಯಾರಿ ಚಿಸ್ವಿಕ್ ಮತ್ತು ಪಾಲ್ ಮಿಲ್ಲರ್, ಭಾಷೆ ಕಿವಿಗೆ ಬೀಳುವ ಪ್ರಮಾಣ, ಕಲಿಯುವ ಸಾಮರ್ಥ್ಯ, ಕಲಿತರೆ ಸಿಗುವ ಆರ್ಥಿಕ ಲಾಭ ಎಂಬ ಮೂರು ಕಾರಣಗಳನ್ನು ವಲಸಿಗರ ಭಾಷಾ ಕಲಿಕೆಗೆ ಮುಂದಿಟ್ಟರು. ಇವುಗಳಲ್ಲಿ ಮೊದಲನೆಯದು ಮನೆಯಲ್ಲೇ ಇರುವ ಪತ್ನಿಗೆ ಅಥವಾ ಪತಿಗೆ ಹೆಚ್ಚಾಗಿ ಸಿಗುವುದೇ ಇಲ್ಲ. ಬ್ಲೂ ಕಾರ್ಡ್‌ನವರ ಸಂಗಾತಿಗೆ ಬರುವಾಗ ಜರ್ಮನ್ ಕಡ್ಡಾಯವಲ್ಲ, ಕೆಲಸ ಮಾಡಲು ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಭಾಷೆಯಿಲ್ಲದೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅವರನ್ನು ಬಂದ ಮೊದಲ ತಿಂಗಳಲ್ಲೇ 600 ಭಾಷಾ ಪಾಠ ಮತ್ತು 100 ನಾಡಿನ ಪರಿಚಯ ಪಾಠಗಳಿರುವ, ವಲಸಿಗರಿಗೆಂದೇ ಸರ್ಕಾರ ನಡೆಸುವ ಏಕೀಕರಣ ಕೋರ್ಸಿಗೆ ಸೇರಿಸಿ. ಅದು ಬಿ1 ಮಟ್ಟಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಉದ್ಯೋಗಕ್ಕೆ ಬೇಕಾದ ಭಾಷೆ ಕಲಿಸುವ ಕೋರ್ಸುಗಳೂ ಇವೆ.